ಲೀ ಕ್ವಾನ್ ಯೂ ಸ್ಕೂಲ್‌ನಲ್ಲಿ ಎಂಪಿಪಿ: ಓದಿ ಬಂದು ವರ್ಷಗಳಾದ ಮೇಲೆ

ಸಿಂಗಪುರದ ಲೀ ಕ್ವಾನ್ ಯೂ ಸ್ಕೂಲ್ ಆಫ್ ಪಬ್ಲಿಕ್ ಪಾಲಿಸಿ ಬಗ್ಗೆ ನಾನು ನೋಡಿದ ವಿಮರ್ಶೆಗಳೆಲ್ಲ ಹೆಚ್ಚುಕಡಿಮೆ ಮೊದಲ ಸೆಮಿಸ್ಟರ್‌ನಲ್ಲೇ ಬರೆದವು. ಕ್ಯಾಂಪಸ್ ಸೂಪರ್, ಫ್ರೆಂಡ್ಸ್ ಸೂಪರ್, ಮುಗೀತು. ನಾನು ಅಲ್ಲಿ ಎರಡು ವರ್ಷದ ಎಂಪಿಪಿ, ಅಂದರೆ ಸಾರ್ವಜನಿಕ ನೀತಿಯ ಮಾಸ್ಟರ್ಸ್, ಮುಗಿಸಿ ಬೆಂಗಳೂರಿಗೆ ಬಂದು, ನಗರದ ನೀರು, ಸಾರಿಗೆ ಕೆಲಸದಲ್ಲೇ ಇದ್ದೇನೆ. ಆ ಓದಿನಲ್ಲಿ ಯಾವುದು ಉಳಿಯಿತು, ಯಾವುದು ಉದುರಿಹೋಯಿತು ಅಂತ ಈಗ ಹೇಳಬಹುದು.

ಜಾಗದ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಈ ಸ್ಕೂಲ್ ನ್ಯಾಷನಲ್ ಯೂನಿವರ್ಸಿಟಿ ಆಫ್ ಸಿಂಗಪುರದ (ಎನ್‌ಯುಎಸ್) ಭಾಗ. ಎನ್‌ಯುಎಸ್‌ನ ದೊಡ್ಡ ಕ್ಯಾಂಪಸ್ ಕೆಂಟ್ ರಿಡ್ಜ್‌ನಲ್ಲಿದೆ, ಈ ಸ್ಕೂಲ್ ಇರುವುದು ಬುಕಿತ್ ತಿಮಾದಲ್ಲಿ, ಬೊಟಾನಿಕ್ ಗಾರ್ಡನ್ಸ್ ಪಕ್ಕ. ಹಳೆಯ ರಾಫಲ್ಸ್ ಕಾಲೇಜಿದ್ದ ಜಾಗ ಅದು, ಸಿಂಗಪುರದ ಮೊದಲ ಪ್ರಧಾನಿ ಲೀ ಕ್ವಾನ್ ಯೂ ಅವರೂ ಅಲ್ಲೇ ಓದಿದ್ದು. ಸ್ಕೂಲ್ ಶುರುವಾಗಿದ್ದು 2004ರಲ್ಲಿ. ಬಾಡಿಗೆ ಜಾಸ್ತಿ. ಸಸ್ಯಾಹಾರಿಗಳಿಗೆ ಲಿಟಲ್ ಇಂಡಿಯಾದ ಸೆರಂಗೂನ್ ರೋಡ್ ಇದೆ, ಯೋಚನೆ ಬೇಡ.

ಎಂಪಿಪಿಯಲ್ಲಿ ಅರ್ಥಶಾಸ್ತ್ರ ಮತ್ತು ಅಂಕಿಅಂಶದ ಪೇಪರ್‌ಗಳಿಂದ ತಪ್ಪಿಸಿಕೊಳ್ಳೋಕೆ ಆಗಲ್ಲ. ಬರೀ ವಿದೇಶಾಂಗ ವಿಷಯ ಬೇಕು ಅನ್ನುವವರಿಗೆ ಬೇರೆಯೇ ಮಾಸ್ಟರ್ಸ್ ಇದೆ, ಎಂಐಎ (ಮಾಸ್ಟರ್ ಇನ್ ಇಂಟರ್‌ನ್ಯಾಷನಲ್ ಅಫೇರ್ಸ್) ಅಂತ. ನನ್ನನ್ನು ಕೇಳಿದರೆ ಎರಡೂ ಕಡೆಯ ಕ್ಲಾಸಿಗೆ ಹೋಗಿ ಕೂರಿ. ಯಾಕಂದ್ರೆ ಆ ಊರಿನಲ್ಲಿ ಒಳಗಿನ ನೀತಿ, ಹೊರಗಿನ ನೀತಿ ಎರಡೂ ಒಂದೇ ನಲ್ಲಿಯಲ್ಲಿ ಬರುತ್ತವೆ, ಇದು ಸುಮ್ನೆ ಹೇಳೋ ಮಾತಲ್ಲ.

ನೀರಿನ ಕಥೆಯನ್ನೇ ತಗೊಳ್ಳಿ. ಮಲೇಷ್ಯಾದ ಜೊಹೊರ್‌ನಿಂದ ಸಿಂಗಪುರಕ್ಕೆ ನೀರು ಬರುವುದು 1962ರ ಒಪ್ಪಂದದ ಮೇಲೆ. ದಿನಕ್ಕೆ 25 ಕೋಟಿ ಗ್ಯಾಲನ್ ತನಕ ತಗೊಳ್ಳಬಹುದು, ಅವಧಿ 2061ರವರೆಗೆ, ಸಾವಿರ ಗ್ಯಾಲನ್‌ಗೆ ಬರೀ 3 ಸೆನ್ (ನಮ್ಮ ಪೈಸೆಯ ಹಾಗೆ ಮಲೇಷ್ಯಾದ ಚಿಲ್ಲರೆ). ಈ ಬೆಲೆ ಸಾಲದು ಅಂತ ಮಲೇಷ್ಯಾ ಹಲವು ಸಲ ತಗಾದೆ ತೆಗೆದಿದೆ. ಮಂಡ್ಯ ಕಡೆಯ ನನಗೆ ಆ ಕ್ಲಾಸಿನಲ್ಲಿ ಕಾವೇರಿ ಬಿಟ್ಟು ಇನ್ನೇನು ನೆನಪಾಗಬೇಕು ಹೇಳಿ! 1892 ಮತ್ತು 1924ರ ಮೈಸೂರು–ಮದ್ರಾಸ್ ಒಪ್ಪಂದಗಳು, 1990ರ ನ್ಯಾಯಮಂಡಳಿ, 2007ರ ಅಂತಿಮ ತೀರ್ಪು ಎಲ್ಲ ನಮ್ಮ ಮನೆಯಲ್ಲಿ ಊಟದ ಹೊತ್ತಿನ ಮಾತು. ಆದರೆ ನಾವು ಅದನ್ನು ನ್ಯಾಯ, ಅನ್ಯಾಯ ಅಂತಷ್ಟೇ ನೋಡಿದ್ದೆವು. ಅಲ್ಲಿ ಕೇಳುತ್ತಿದ್ದ ಪ್ರಶ್ನೆಯೇ ಬೇರೆ: ಮಾತುಕತೆ ಮುರಿದುಬಿದ್ದರೆ ನಿನ್ನ ಹತ್ತಿರ ಇನ್ನೇನಿದೆ? ಸಿಂಗಪುರ 2003ರಿಂದ ಬಳಸಿದ ನೀರನ್ನೇ ಶುದ್ಧ ಮಾಡಿ ನ್ಯೂವಾಟರ್ ಅಂತ ಕೊಡುತ್ತಿದೆ, 2005ರಲ್ಲಿ ಸಮುದ್ರದ ನೀರಿನ ಘಟಕ ತೆರೆಯಿತು. ಒಳಚರಂಡಿ ಇಲಾಖೆಯ ಕೆಲಸ ವಿದೇಶಾಂಗ ಮಂತ್ರಿಯ ಕೈ ಬಲಪಡಿಸುತ್ತದೆ ಅನ್ನುವುದು ನನಗೆ ಗೊತ್ತಾಗಿದ್ದೇ ಅಲ್ಲಿ. ನಮ್ಮಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್ ಕಾವೇರಿಯಲ್ಲಿ ಕರ್ನಾಟಕಕ್ಕೆ ಹೆಚ್ಚುವರಿ 14.75 ಟಿಎಂಸಿ ಕೊಟ್ಟಿತು, ಅದರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ. ಅದೇ ವರ್ಷ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಹರಿಯಲು ಶುರುವಾಯಿತು. ಈ ಎರಡನ್ನೂ ಒಂದೇ ಕಡತದಲ್ಲಿ ಇಟ್ಟು ನೋಡುವ ಅಭ್ಯಾಸ ಇದೆಯಲ್ಲ, ನಾನು ಕೊಟ್ಟ ಫೀಸಿಗೆ ನಿಜವಾಗಿ ಸಿಕ್ಕಿದ್ದು ಅದು.

ಉದುರಿಹೋಗಿದ್ದು ಯಾವುದು ಅಂದ್ರೆ, ಸಿದ್ಧ ಉತ್ತರಗಳು. ಸಿಂಗಪುರದಲ್ಲಿ 1975ರಲ್ಲೇ ಊರ ನಡುವಿಗೆ ಕಾರು ತರಲು ಹಣ ಕೊಟ್ಟು ಚೀಟಿ ಅಂಟಿಸಿಕೊಳ್ಳಬೇಕಿತ್ತು, 1998ರಿಂದ ಅದು ಎಲೆಕ್ಟ್ರಾನಿಕ್. ಕಾರು ಕೊಳ್ಳುವ ಮೊದಲು 10 ವರ್ಷದ ಪರವಾನಗಿಯನ್ನು ಹರಾಜಿನಲ್ಲಿ ಕೂಗಬೇಕು, ಅದೇ 1 ಲಕ್ಷ ಸಿಂಗಪುರ ಡಾಲರ್ ದಾಟಿದ್ದೂ ಇದೆ. ಇದನ್ನು ಓದಿಕೊಂಡು ಬಂದು ಬೆಂಗಳೂರಿನ ಮೀಟಿಂಗ್‌ನಲ್ಲಿ ಸ್ಲೈಡ್ ತೋರಿಸಿದರೆ ನಗುತ್ತಾರೆ, ನಗಲೇಬೇಕು. ಅಲ್ಲಿ ದೇಶವೂ ನಗರವೂ ಒಂದೇ ಸರ್ಕಾರ. ಇಲ್ಲಿ ಬಸ್ಸಿಗೆ ಒಬ್ಬರು, ಮೆಟ್ರೋಗೆ ಒಬ್ಬರು, ಸಿಗ್ನಲ್‌ಗೆ ಪೊಲೀಸರು, ಇನ್ನು ನಗರಪಾಲಿಕೆಯಾಗಿದ್ದ ಬಿಬಿಎಂಪಿಯ ಚುನಾಯಿತ ಕೌನ್ಸಿಲ್ ಅವಧಿ 2020ರಲ್ಲೇ ಮುಗಿದಿತ್ತು. ಶುಲ್ಕ ಹಾಕಿದರೆ ಬೈಸಿಕೊಳ್ಳಬೇಕಾದವರು ಯಾರು ಅನ್ನುವುದೇ ಗೊತ್ತಿಲ್ಲದ ಊರಿನಲ್ಲಿ ಶುಲ್ಕ ಎಷ್ಟಿರಬೇಕು ಅನ್ನುವ ಲೆಕ್ಕ ಯಾರಿಗೆ ಬೇಕು?

ಕೆಲಸದ ವಿಷಯಕ್ಕೆ ಬಂದರೆ, ಭಾರತದಲ್ಲಿ ಈ ಡಿಗ್ರಿ ಹೆಸರು ಕೇಳಿ ಯಾರೂ ಬಾಗಿಲು ತೆಗೆಯಲ್ಲ. ನಾನು ಸಂದರ್ಶನಕ್ಕೆ ಹೋದ ಒಂದು ಸಂಸ್ಥೆಯಲ್ಲಿ ಎಂಬಿಎ ಯಾಕೆ ಮಾಡಲಿಲ್ಲ ಅಂತಲೇ ಅರ್ಧ ಹೊತ್ತು ಕಳೆದರು. ಕೊನೆಗೆ ಉಪಯೋಗಕ್ಕೆ ಬಂದಿದ್ದು ಎರಡನೇ ವರ್ಷದ ಪಾಲಿಸಿ ಅನಾಲಿಸಿಸ್ ಎಕ್ಸರ್‌ಸೈಜ್, ಅಂದರೆ ನಿಜವಾದ ಒಂದು ಸಂಸ್ಥೆಗೆ ಅವರ ನಿಜವಾದ ತಲೆನೋವಿನ ಮೇಲೆ ವರದಿ ಬರೆದುಕೊಡುವುದು. ವಿಷಯವನ್ನು ನಿಮ್ಮ ಊರಿಗೆ ಹತ್ತಿರದ್ದೇ ಆರಿಸಿಕೊಳ್ಳಿ. ಇನ್ನೊಂದು ಲಾಭ ಸಹಪಾಠಿಗಳು. ಏಷ್ಯಾದ ಬೇರೆ ಬೇರೆ ಸರ್ಕಾರಗಳಲ್ಲಿ ಕೆಲಸ ಮಾಡಿ ಬಂದವರು ಪಕ್ಕದಲ್ಲಿ ಕೂತಿರುತ್ತಾರೆ, ಇವತ್ತಿಗೂ ಜಕಾರ್ತಾದ ಬಸ್ ಬಗ್ಗೆ ಏನಾದರೂ ಬೇಕಿದ್ದರೆ ವರದಿ ಹುಡುಕಲ್ಲ, ಅಲ್ಲಿರುವ ಸ್ನೇಹಿತೆಗೆ ಮೆಸೇಜ್ ಹಾಕುತ್ತೇನೆ.

ಐದಕ್ಕೆ ನಾಲ್ಕು ಕೊಡ್ತೀನಿ. ಸ್ಕಾಲರ್‌ಶಿಪ್ ಇಲ್ಲದೆ, ಪೂರ್ತಿ ಸಾಲ ಮಾಡಿ, ವಾಪಸ್ ಬಂದು ಎನ್‌ಜಿಒ ಸೇರುವ ಯೋಚನೆ ಇದ್ದರೆ ಮಾತ್ರ ಮೂರು. ನಾಗರಭಾವಿಯ ಲಾ ಸ್ಕೂಲ್‌ನಲ್ಲೂ ಪಬ್ಲಿಕ್ ಪಾಲಿಸಿ ಮಾಸ್ಟರ್ಸ್ ಇದೆ, ಅದನ್ನೂ ಪಕ್ಕದಲ್ಲಿಟ್ಟು ಖರ್ಚು ಹೋಲಿಸಿ. ಡಿಗ್ರಿ ಮುಗಿದ ತಕ್ಷಣ ಹೋಗುವುದಕ್ಕಿಂತ ಎರಡು ಮೂರು ವರ್ಷ ಯಾವುದಾದರೂ ಜಿಲ್ಲೆಯಲ್ಲಿ ಕೆಲಸ ಮಾಡಿ ಹೋಗಿ, ಕ್ಲಾಸಿನಲ್ಲಿ ಕೇಳೋಕೆ ನಿಮ್ಮದೇ ಪ್ರಶ್ನೆ ಇರುತ್ತದೆ.