ಪ್ರೋಗ್ರಾಮರ್ ಜೋಕಿನ ಮಗ್: ತುಮಕೂರಿನಲ್ಲಿ ಮಾಡಿಸುವವರಿಗೆ

ಬಿ.ಎಚ್. ರಸ್ತೆಯಲ್ಲಿ ಎಸ್‌ಐಟಿ ಎಂಜಿನಿಯರಿಂಗ್ ಕಾಲೇಜಿನ ಆಸುಪಾಸಿಗೆ, ಜೆರಾಕ್ಸ್ ಮತ್ತು ಪ್ರಾಜೆಕ್ಟ್ ರಿಪೋರ್ಟ್ ಬೈಂಡಿಂಗ್ ಜತೆಗೆ ಮಗ್ ಮೇಲೂ ಪ್ರಿಂಟ್ ಹಾಕಿಕೊಡುವ ಒಂದು ಅಂಗಡಿಯಿದೆ. ಕೆಲಸ ಅಚ್ಚುಕಟ್ಟು. ಆದರೆ ಪ್ರೂಫ್ ನೋಡದೆ ಪ್ರೆಸ್‌ಗೆ ಬಿಡಬೇಡಿ.

ಕೋಡರ್‌ಗಳ ಜೋಕಿನ ಜೀವವೆಲ್ಲ ಚಿಹ್ನೆಗಳಲ್ಲಿರುತ್ತದೆ. ‘ಜಗತ್ತಿನಲ್ಲಿ 10 ಥರದ ಜನ: ಬೈನರಿ ಗೊತ್ತಿರೋರು, ಗೊತ್ತಿಲ್ಲದೋರು.’ ಬೈನರಿಯಲ್ಲಿ 10 ಅಂದರೆ ಎರಡು. ಡಿಟಿಪಿ ಮಾಡುವವರು ಚೆಂದಕ್ಕೆಂದು ಅದನ್ನು ‘ಹತ್ತು’ ಎಂದು ಅಕ್ಷರದಲ್ಲಿ ಹೊಡೆದರೆ ಜೋಕು ಅಲ್ಲಿಗೆ ಮುಗಿಯಿತು. ಕೋಡ್ ಸಾಲನ್ನು ವರ್ಡ್‌ನಲ್ಲಿ ಟೈಪ್ ಮಾಡಿದರೆ ನೇರ ಉದ್ಧರಣ ಚಿಹ್ನೆ ತಾನಾಗಿ ಬಾಗುತ್ತದೆ, ಎರಡು ಮೈನಸ್ ಕೂಡಿ ಒಂದೇ ಗೆರೆಯಾಗುತ್ತದೆ. ಅದು ಕಂಪೈಲ್ ಆಗುವುದಿಲ್ಲ, ಅಂದರೆ ಕಂಪ್ಯೂಟರ್ ಅದನ್ನು ಕೋಡ್ ಎಂದು ಒಪ್ಪುವುದಿಲ್ಲ. ಉಡುಗೊರೆ ಪಡೆದವರ ಕಣ್ಣು ಮೊದಲು ಹೋಗುವುದೂ ಅಲ್ಲಿಗೇ. ಕೋಡನ್ನು ಕಂಪ್ಯೂಟರ್‌ನ ನೋಟ್‌ಪ್ಯಾಡ್‌ನಲ್ಲಿ ಟೈಪ್ ಮಾಡಿಟ್ಟುಕೊಳ್ಳಿ. ಕನ್ನಡ ಸಾಲಾದರೆ ಇನ್ನೂ ಎಚ್ಚರ ಬೇಕು: ಯೂನಿಕೋಡ್ ಅಕ್ಷರವನ್ನು ಹಳೆಯ ಡಿಸೈನ್ ಸಾಫ್ಟ್‌ವೇರ್‌ಗೆ ಅಂಟಿಸಿದಾಗ ಒತ್ತಕ್ಷರ ಕಳಚಿ ‘ಗೊತ್ತಿಲ್ಲ’ ಹೋಗಿ ‘ಗೊತ್‌ತಿಲ್‌ಲ’ ಆಗುತ್ತದೆ. ಮನೆಯಲ್ಲೇ 300 ಡಿಪಿಐ ಪಿಎನ್‌ಜಿ ಚಿತ್ರವಾಗಿ ಮಾಡಿ ಒಯ್ದರೆ ಈ ರಗಳೆಯೇ ಇಲ್ಲ.

ಮಗ್ ಮಾಮೂಲಿ 11 ಔನ್ಸಿನದು, ಸುಮಾರು 325 ಮಿಲಿ ಹಿಡಿಸುತ್ತದೆ. ಸಬ್ಲಿಮೇಷನ್ ಕಾಗದದ (ಶಾಖ ಕೊಟ್ಟಾಗ ಬಣ್ಣವನ್ನು ಮಗ್ಗಿಗೆ ಇಳಿಸುವ ಕಾಗದ) ಮೇಲೆ ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಪ್ರಿಂಟ್ ತೆಗೆದು, ಶಾಖ ತಡೆಯುವ ಟೇಪಿನಿಂದ ಬಿಗಿದು, 180 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮೂರು ನಿಮಿಷ ಒತ್ತುತ್ತಾರೆ. ಶಾಖ ಕಡಿಮೆಯಾದರೆ ಬಣ್ಣ ಪೇಲವ. ಹೆಚ್ಚಾದರೆ ಕಪ್ಪು ಕಂದಾಗಿ ಅಕ್ಷರದ ಅಂಚು ಹರಡುತ್ತದೆ. ಈ ಅಂಗಡಿಯಲ್ಲಿ ಸೆಮಿಕೋಲನ್ನಿನ ಬಾಲವೂ ಸ್ಪಷ್ಟವಾಗಿ ಮೂಡುತ್ತದೆ. ಕೋಡರ್‌ಗಳ ಟರ್ಮಿನಲ್ ಪರದೆಯ ಥರ ಕಪ್ಪು ಹಿನ್ನೆಲೆ ಮಾತ್ರ ಬೇಡ. ಹಿಡಿಯ ಪಕ್ಕಕ್ಕೆ ಒತ್ತಡ ಸರಿಯಾಗಿ ತಲುಪದೆ ಅಂಚು ಮಸುಕಾಗುತ್ತದೆ, ಇದು ಯಾವ ಅಂಗಡಿಗೆ ಹೋದರೂ ತಪ್ಪಿದ್ದಲ್ಲ.

ನನ್ನನ್ನು ಕೇಳಿದರೆ ಮ್ಯಾಜಿಕ್ ಮಗ್ಗಿನ ಮೇಲೆ ‘418’ ಹಾಕಿಸಿ. 1998ರ ಏಪ್ರಿಲ್ 1ರಂದು ತಮಾಷೆಗೆಂದೇ ಹೊರಬಂದ ಆರ್‌ಎಫ್‌ಸಿ 2324 ಎಂಬ ಇಂಟರ್‌ನೆಟ್ ನಿಯಮಗಳ ದಾಖಲೆಯಲ್ಲಿ ಈ ಎರರ್ ಸಂಖ್ಯೆ ಇದೆ. ಕಾಫಿ ಮಾಡು ಎಂದರೆ ಟೀ ಪಾತ್ರೆ ‘ನಾನು ಟೀ ಪಾತ್ರೆ’ ಎಂದು ಕೊಡುವ ಉತ್ತರ ಅದು. ತಣ್ಣಗಿದ್ದಾಗ ಮಗ್ ಬರೀ ಕಪ್ಪು, ಬಿಸಿ ಚಹಾ ಸುರಿದಾಗಲೇ 418 ಕಾಣಿಸುತ್ತದೆ. ಇದಕ್ಕಿಂತ ಒಪ್ಪುವ ಜಾಗ ಆ ಜೋಕಿಗೆ ಸಿಗಲಾರದು! ಮ್ಯಾಜಿಕ್ ಮಗ್ಗನ್ನು ಸ್ಕ್ರಬ್ಬರ್‌ನಿಂದ ಉಜ್ಜಬಾರದು, ಮೈಕ್ರೋವೇವ್‌ಗೂ ಇಡಬಾರದು.

ರಿಪೋರ್ಟ್ ಸಲ್ಲಿಕೆಯ ದಿನಗಳಲ್ಲಿ ಬೈಂಡಿಂಗ್ ಗದ್ದಲದಲ್ಲಿ ಮಗ್ ಆರ್ಡರ್ ಹಿಂದೆ ಬೀಳುತ್ತದೆ. ಆಗ ಬೆಳಿಗ್ಗೆ ಅಂಗಡಿ ತೆಗೆಯುತ್ತಿದ್ದಂತೆ ಹೋಗಿ.