ನೇತ್ರಾಣಿ ಅಂತ ದುಡ್ಡು ತಗೊಂಡು ದಡದ ಬಂಡೆ ತೋರಿಸ್ತಾರೆ: ಮುರುಡೇಶ್ವರದಲ್ಲಿ ಸ್ಕೂಬಾ ಬುಕ್ ಮಾಡೋ ಮುಂಚೆ ಓದಿ

ಮುರುಡೇಶ್ವರದಲ್ಲಿ ಸ್ಕೂಬಾಗೆ (ಗಾಳಿ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಇಳಿಯೋದು) ದುಡ್ಡು ಕಟ್ಟೋ ಮುಂಚೆ ಒಂದೇ ಪ್ರಶ್ನೆ ಕೇಳಿ: ಬೋಟು ನೇತ್ರಾಣಿ ದ್ವೀಪದವರೆಗೂ ಹೋಗುತ್ತಾ, ಇಲ್ವಾ? ಹೌದು ಅಥವಾ ಇಲ್ಲ ಅಂತ ಉತ್ತರ ಬರಬೇಕು. "ನೇತ್ರಾಣಿ ಏರಿಯಾ ಸರ್", "ನೇತ್ರಾಣಿ ಸೈಡ್", "ನೇತ್ರಾಣಿ ಪಾಯಿಂಟ್" ಅಂದ್ರೆ ಅಲ್ಲಿಗೇ ಫೋನ್ ಇಡಿ. ಏರಿಯಾ ಅನ್ನೋ ಆ ಒಂದು ಪದಕ್ಕೆ ನಮ್ಮ ಗುಂಪಿನ ಆರು ಜನರಿಂದ ತಲಾ 5,500 ರೂಪಾಯಿ ಹೋಗಿದೆ. ಒಟ್ಟು 33,000. ಅರ್ಧ ಮುಂಗಡ, ಅದೂ ಯಾವುದೋ ವ್ಯಕ್ತಿಯ ಹೆಸರಲ್ಲಿದ್ದ ಯುಪಿಐಗೆ. ಉಳಿದರ್ಧ ಬೋಟ್ ಹತ್ತೋ ಮುಂಚೆ, ಮರಳ ಮೇಲೆ ನಿಲ್ಲಿಸಿಕೊಂಡು ವಸೂಲಿ.

ಎಲ್ಲ ಡೈವಿಂಗ್‌ನೋರೂ ಹೀಗೇ ಅಂತ ಹೇಳ್ತಿಲ್ಲ. ಸರಿಯಾಗಿ ಕರ್ಕೊಂಡು ಹೋಗಿ, ಸರಿಯಾಗಿ ಇಳಿಸಿ, ಸರಿಯಾಗಿ ಮೇಲೆ ತರೋರು ಅದೇ ಊರಲ್ಲಿ ಇದ್ದಾರೆ. ತೊಂದರೆ ಇರೋದು ನಡುವಿನ ಏಜೆಂಟ್‌ಗಳಿಂದ. ಲಾಡ್ಜ್ ಕೌಂಟರ್‌ನಲ್ಲಿ ಲ್ಯಾಮಿನೇಟ್ ಮಾಡಿದ ಫೋಟೋ ತೋರಿಸ್ತಾರಲ್ಲ, ಅವರಿಂದ. ಫೋಟೋದಲ್ಲಿ ಆಮೆ, ಲಯನ್ ಫಿಶ್, ಹವಳ, ಜೊತೆಗೊಂದು ತಿಮಿಂಗಿಲ ಶಾರ್ಕ್. ತಿಮಿಂಗಿಲ ಶಾರ್ಕ್ ಆ ಕಡಲಲ್ಲಿ ಕಾಣಿಸಿಕೊಂಡರೆ ಸುದ್ದಿಯಾಗುತ್ತೆ, ಪ್ಯಾಕೇಜಿನಲ್ಲಿ ಬರಲ್ಲ.

ಗೊತ್ತಿಲ್ಲದವರಿಗೆ ಲೆಕ್ಕ ಹೇಳ್ತೀನಿ. ನೇತ್ರಾಣಿ ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರ, ಅರಬ್ಬೀ ಸಮುದ್ರದ ಒಳಗೆ. ಮೀನುಗಾರಿಕೆ ಬೋಟು ಗಂಟೆಗೆ 12 ಕಿ.ಮೀ. ಹೋದರೆ ಒಂದೂವರೆ ಗಂಟೆ ಬೇಕು. ವೇಗದ ಬೋಟಾದರೂ ಮುಕ್ಕಾಲು ಗಂಟೆ ಹತ್ತಿರ ಬೇಕಾಗುತ್ತೆ. ದ್ವೀಪ ಅಂದ್ರೆ ಕಾಡು ಮುಚ್ಚಿದ ಕಡಿದಾದ ಗುಡ್ಡ, ಸುತ್ತ ಬಂಡೆ. ಮೇಲೆ ಬಿಳಿಹೊಟ್ಟೆಯ ಕಡಲಹದ್ದು ಸುತ್ತುತ್ತಿರುತ್ತೆ. ಹತ್ತಿರ ಹೋದಮೇಲೆ ಇದು ದ್ವೀಪವೋ ಅಲ್ಲವೋ ಅನ್ನೋ ಅನುಮಾನವೇ ಬರಲ್ಲ.

ನಮ್ಮ ಬೋಟು ಹದಿನೈದು ನಿಮಿಷಕ್ಕೆ ಎಂಜಿನ್ ಬಂದ್ ಮಾಡಿತು.

ಡೀಸೆಲ್ ತೊಂದರೆ ಇರಬೇಕು ಅಂದ್ಕೊಂಡ್ವಿ. ನೋಡಿದ್ರೆ ಲಂಗರು ಹಾಕ್ತಿದ್ದಾರೆ! ಎದುರಿಗೆ ಕರೀ ಬಂಡೆ, ಅದರ ಮೇಲೆ ನಾಲ್ಕು ನೀರುಕಾಗೆ. ನೀರು ಚಹಾದ ಬಣ್ಣ. ಹಿಂದಕ್ಕೆ ತಿರುಗಿದ್ರೆ ದೇವಸ್ಥಾನದ ರಾಜಗೋಪುರ, ಅಂತಸ್ತು ಎಣಿಸಬಹುದು ಅಷ್ಟು ಹತ್ತಿರ. ಫೋನಿನ ಮ್ಯಾಪಿನಲ್ಲಿ ನೀಲಿ ಚುಕ್ಕೆ ದಡದಿಂದ ಮೂರು ಕಿ.ಮೀ. ಇನ್ನೂ ಹದಿನಾರು ಬಾಕಿ.

"ಇದು ನೇತ್ರಾಣಿನಾ?"

"ನೇತ್ರಾಣಿ ಏರಿಯಾನೇ ಸರ್."

"ದ್ವೀಪ ಎಲ್ಲಿ ಹಾಗಾದ್ರೆ?"

"ಅದೇ ಅಲ್ಲಿ ಕಾಣ್ತದಲ್ಲ" ಅಂತ ಆಕಾಶ ನೀರು ಸೇರೋ ಕಡೆ ಬೆರಳು ತೋರಿಸಿದ. ಅಲ್ಲಿ ಮಬ್ಬು ಬಿಟ್ರೆ ಏನೂ ಇಲ್ಲ. "ಇವತ್ತು ಅಲ್ಲಿ ಕರೆಂಟ್ ಜಾಸ್ತಿ ಸರ್, ಎಂತ ಮಾಡುದು, ನಿಮ್ಮ ಸೇಫ್ಟಿಗೇ ಇಲ್ಲಿ ಹಾಕಿದ್ದು."

ಸೇಫ್ಟಿ! ಕರೆಂಟ್, ಅಂದ್ರೆ ನೀರೊಳಗಿನ ಸೆಳೆತ, ಜಾಸ್ತಿ ಇದ್ದರೆ ಡೈವ್ ರದ್ದು ಮಾಡಬೇಕಾದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಮಾತು ದುಡ್ಡು ತಗೊಳ್ಳೋ ಮುಂಚೆ ದಡದಲ್ಲೇ ಬರಬೇಕು. ಅದೇ ದಿನ ಬೆಳಿಗ್ಗೆ ಹೊರಟ ಬೇರೆ ಎರಡು ಬೋಟುಗಳು ನೇತ್ರಾಣಿಗೇ ಹೋಗಿ ಮಧ್ಯಾಹ್ನ ವಾಪಸ್ ಬಂದವು. ಅವಕ್ಕಿಲ್ಲದ ಕರೆಂಟ್ ನಮ್ಮ ಬೋಟಿಗೆ ಮಾತ್ರ ಎಲ್ಲಿಂದ ಬಂತು? ಡೀಸೆಲ್ ಲೆಕ್ಕ ಹಾಕಿ, ಉತ್ತರ ಸಿಗುತ್ತೆ. ಹೋಗಿಬರೋಕೆ 38 ಕಿ.ಮೀ. ಎಲ್ಲಿ, 6 ಕಿ.ಮೀ. ಎಲ್ಲಿ.

ದಡದ ಹತ್ತಿರ ಯಾಕೆ ಏನೂ ಕಾಣಲ್ಲ ಅಂದ್ರೆ, ಅಲೆ ತಳದ ಮರಳನ್ನು ಕದಡುತ್ತಲೇ ಇರುತ್ತೆ, ನದಿ ಹೊಳೆಗಳ ಮಣ್ಣು ಬಂದು ಸೇರುತ್ತೆ. ನೇತ್ರಾಣಿ ಅದೆಲ್ಲದರಿಂದ ದೂರ, ಅದಕ್ಕೇ ಅಲ್ಲಿ ನೀರು ತಿಳಿ. ಒಳ್ಳೇ ದಿನ ಹತ್ತು ಹದಿನೈದು ಮೀಟರ್ ಆಚೆಗಿನ ಮೀನೂ ಕಾಣುತ್ತೆ. ಈ ಬಂಡೆ ಹತ್ತಿರ ಕೈ ಚಾಚಿದರೆ ಬೆರಳು ಮಸುಕು.

ಸರಿ, ಬಂದಾಗಿದೆ, ಇಳಿಯೋಣ ಅಂತ ಸಾಮಾನು ನೋಡಿದ್ರೆ ಇನ್ನೊಂದು ಕಥೆ. ಆರು ಜನಕ್ಕೆ ಎರಡೇ ಸಿಲಿಂಡರ್. ಎರಡು!

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಹೊಸಬರಿಗೆ ಗೊತ್ತಾಗದೇ ಇರೋದು ಇಲ್ಲೇ. ಸಾಮಾನ್ಯ ಸಿಲಿಂಡರ್ 11 ಲೀಟರಿನದ್ದು, ತುಂಬಿದಾಗ 200 ಬಾರ್ ಒತ್ತಡ. ಒತ್ತಡದ ಮೀಟರ್ 50 ತೋರಿಸೋ ಹೊತ್ತಿಗೆ ಮೇಲೆ ಬಂದಿರಬೇಕು, ಆ 50 ಆಪತ್ತಿಗೆ. ಅಂದ್ರೆ ಬಳಸೋಕೆ ಸಿಗೋದು 150 ಬಾರ್, ಹನ್ನೊಂದರಿಂದ ಗುಣಿಸಿದರೆ 1,650 ಲೀಟರ್ ಗಾಳಿ. ಮೊದಲ ಸಲ ಇಳಿಯೋರು ಗಾಬರಿಗೆ ನಿಮಿಷಕ್ಕೆ 30 ಲೀಟರ್ ಎಳೀತಾರೆ. 10 ಮೀಟರ್ ಆಳದಲ್ಲಿ ಒತ್ತಡ ದುಪ್ಪಟ್ಟು, ಹಾಗಾಗಿ ಅದೇ ಉಸಿರಿಗೆ 60 ಲೀಟರ್ ಖರ್ಚು. 27 ನಿಮಿಷ ಬರುತ್ತೆ. "ಅರ್ಧ ಗಂಟೆ ಡೈವ್" ಅಂತ ಎಲ್ಲರೂ ಹೇಳೋದು ಈ ಲೆಕ್ಕದ ಮೇಲೆ, ಅದೂ ಒಬ್ಬರಿಗೆ ಒಂದು ತುಂಬಿದ ಸಿಲಿಂಡರ್ ಇದ್ದಾಗ.

ಇಲ್ಲಿ ಒಂದು ಸಿಲಿಂಡರಿಗೆ ಮೂರು ಜನ. ಮೂರನೆಯವರ ಸರದಿ ಬಂದಾಗ ಮೀಟರ್ ಮುಳ್ಳು 90ರಲ್ಲಿ ನಿಂತಿತ್ತು. ತೊಂಬತ್ತರಲ್ಲಿ ಐವತ್ತು ಕಳೆದರೆ ನಲವತ್ತು, 440 ಲೀಟರ್. ಹತ್ತು ಮೀಟರಿಗೆ ಇಳಿಸಿದ್ರೆ ಏಳು ನಿಮಿಷಕ್ಕೇ ಮುಗೀತು. ಅದಕ್ಕೇ ಯಾರನ್ನೂ ಮೂರು ಮೀಟರಿಗಿಂತ ಕೆಳಗೆ ಬಿಡಲಿಲ್ಲ. "ಹೊಸಬ್ರಿಗೆ ಇಷ್ಟೇ ಆಳ ಸರ್" ಅಂದ್ರಲ್ಲ, ಅದು ನಮ್ಮ ಮೇಲಿನ ಕಾಳಜಿ ಅಲ್ಲ, ಗಾಳಿ ಉಳಿಸೋ ಉಪಾಯ. ತರಬೇತುದಾರರು ಕೈ ಹಿಡಿದುಕೊಂಡಿದ್ರೆ ಹೊಸಬರನ್ನ 12 ಮೀಟರ್‌ವರೆಗೂ ಇಳಿಸಬಹುದು ಅಂತ ಡೈವಿಂಗ್ ಸಂಸ್ಥೆಗಳ ನಿಯಮವೇ ಇದೆ.

90 ಯಾಕೆ ಅಂತ ಕೇಳಿದ್ದಕ್ಕೆ ಬಂದ ಉತ್ತರ: "ಮೀಟರ್ ಹಳೇದು ಸರ್, ಹಾಗೇ ತೋರಿಸ್ತದೆ."

ಮೀಟರ್ ಸುಳ್ಳು ತೋರಿಸುತ್ತೆ ಅಂತ ಗೊತ್ತಿದ್ದೂ ಅದನ್ನೇ ಕಟ್ಟಿ ನೀರಿಗೆ ತಳ್ಳೋದಾ ಮಾರಾಯ್ರೇ?

ಒಬ್ಬರ ಬಾಯಿಂದ ತೆಗೆದ ಮೌತ್‌ಪೀಸ್ ತೊಳೀದೇ ಇನ್ನೊಬ್ಬರ ಬಾಯಿಗೆ. ಸಿಲಿಂಡರಿನ ಗಾಳಿಯನ್ನ ಬಾಯಿಗೆ ಕೊಡೋ ರೆಗ್ಯುಲೇಟರ್ ಒಂದು ಸೆಟ್‌ಗೆ ಒಂದೇ ಇತ್ತು. ಸರಿಯಾದ ಸೆಟ್‌ನಲ್ಲಿ ಎರಡಿರುತ್ತೆ. ಎರಡನೆಯದು ಹೆಚ್ಚಾಗಿ ಹಳದಿ ಬಣ್ಣದ್ದು, ಜೊತೆಗಿರೋರ ಗಾಳಿ ಕೈಕೊಟ್ಟರೆ ಅವರಿಗೆ ಕೊಡೋಕೆ. ಹಳದಿ ಪೈಪ್ ಕಾಣದಿದ್ರೆ ಇಳೀಬೇಡಿ. ದಡದಲ್ಲೇ ರೆಗ್ಯುಲೇಟರ್ ಬಾಯಿಗಿಟ್ಟು ನಾಲ್ಕು ಉಸಿರು ಎಳೆದು ನೋಡಿ. ಡೀಸೆಲ್ ಹೊಗೆಯ ಅಥವಾ ಎಣ್ಣೆಯ ವಾಸನೆ ಬಂದರೆ ಸಿಲಿಂಡರಿಗೆ ಗಾಳಿ ತುಂಬೋ ಅವರ ಕಂಪ್ರೆಸರ್ ಎಂಜಿನ್ ಹೊಗೆಯನ್ನೋ ಎಣ್ಣೆಯನ್ನೋ ಒಳಗೆ ಎಳೆದಿರಬಹುದು ಅಂತ ಅರ್ಥ. ಅದನ್ನ ಆಳದಲ್ಲಿ ಉಸಿರಾಡಿದ್ರೆ ಮೊದಲು ತಲೆನೋವು, ಆಮೇಲೆ ಪ್ರಜ್ಞೆಯೇ ತಪ್ಪಬಹುದು.

ಆರೋಗ್ಯದ ಫಾರ್ಮ್ ಕೊಡಲಿಲ್ಲ. ಆಸ್ತಮಾ ಇದೆಯಾ, ಕಿವಿ ಆಪರೇಷನ್ ಆಗಿದೆಯಾ, ಹೃದಯದ ತೊಂದರೆ ಇದೆಯಾ, ನೆಗಡಿ ಇದೆಯಾ, ಒಂದೂ ಕೇಳಲಿಲ್ಲ. ನೆಗಡಿ ಸಣ್ಣ ವಿಷಯ ಅಂದ್ಕೋಬೇಡಿ, ಮೂಗು ಕಟ್ಟಿದ್ರೆ ಕಿವಿಯ ಒತ್ತಡ ಸಮ ಆಗಲ್ಲ, ತಮಟೆ ಹರಿಯೋದೂ ಉಂಟು. ಇಳಿಯುವಾಗ ನೋವು ಶುರುವಾಗೋ ಮುಂಚೆಯೇ, ಪ್ರತಿ ಮೀಟರಿಗೂ ಮೂಗು ಹಿಡಿದು ಮೆಲ್ಲಗೆ ಊದಬೇಕು. ಏನೇ ಆದ್ರೂ ಉಸಿರು ಬಿಗಿ ಹಿಡಿಯಬಾರದು. ಮೇಲೆ ಬರುವಾಗ ಗಾಳಿ ಹಿಗ್ಗುತ್ತೆ, ಬಾಯಿ ಬಿಗಿದುಕೊಂಡಿದ್ರೆ ಶ್ವಾಸಕೋಶಕ್ಕೆ ಪೆಟ್ಟು. ಹೆಬ್ಬೆರಳು ಮೇಲೆತ್ತಿದ್ರೆ "ಮೇಲಕ್ಕೆ ಹೋಗೋಣ" ಅಂತ, "ಚೆನ್ನಾಗಿದೆ" ಅಂತ ಅಲ್ಲ. ಇಷ್ಟನ್ನ ಹೇಳಿಕೊಡೋಕೆ, ಆಳವಿಲ್ಲದ ನೀರಲ್ಲಿ ಒಮ್ಮೆ ಮಾಡಿಸೋಕೆ ಅರ್ಧ ಗಂಟೆ ಸಾಕು. ನಮಗೆ ಬೋಟ್ ಅಂಚಲ್ಲಿ ಕೂರಿಸಿ ಹೇಳಿದ್ದು ಇಷ್ಟೇ: "ಬಾಯಲ್ಲಿ ಉಸಿರಾಡಿ ಸರ್, ಕೈ ಬಿಡ್ಬೇಡಿ."

ಈಗ ವೀಡಿಯೊ ವಿಷಯ. ತಲಾ 500 ರೂಪಾಯಿ ಬೇರೆ ತಗೊಂಡಿದ್ರು. ರಾತ್ರಿ ವಾಟ್ಸಾಪ್‌ಗೆ ಬಂತು. ತಿಳಿನೀಲಿ ನೀರು, ಹವಳದ ಪಕ್ಕ ಪ್ಯಾರಟ್ ಫಿಶ್ ಹಿಂಡು, ಆರಾಮಾಗಿ ಈಜೋ ಆಮೆ, ಅದರತ್ತ ಚಾಚಿದ ಒಂದು ಕೈ. ಆ ಕೈ ಮೇಲೆ ಮಣಿಕಟ್ಟಿನಿಂದ ಮೊಣಕೈವರೆಗೆ ಟ್ಯಾಟೂ. ನಮ್ಮ ಆರು ಜನರಲ್ಲಿ ಯಾರಿಗೂ ಟ್ಯಾಟೂ ಇಲ್ಲ!

ಇದು ಯಾರ ಕೈ ಅಂತ ಕೇಳಿದ್ವಿ. ಬಂದ ಉತ್ತರ ಅಕ್ಷರಶಃ ಹೀಗಿತ್ತು: "ನೀರಲ್ಲಿ ಹಾಗೇ ಕಾಣ್ತದೆ ಸರ್, ಲೈಟ್ ರಿಫ್ಲೆಕ್ಷನ್."

ಓದಿ ಓದಿ ನಗು ಬರುತ್ತೆ, ಆಮೇಲೆ ಮೈ ಉರಿಯುತ್ತೆ. ಮನೇಲಿ ದೊಡ್ಡವರಿಗೆ ಆ ವೀಡಿಯೊ ಆಗಲೇ ಫಾರ್ವರ್ಡ್ ಆಗಿಹೋಗಿತ್ತು, ಅದು ಬೇರೆ ನಾಚಿಕೆ.

ವಾಪಸ್ ಕೇಳಿದಾಗಿನ ಸರಣಿ ಎಲ್ಲರಿಗೂ ಗೊತ್ತಿರೋದೇ. ಏಜೆಂಟ್ ಹೇಳಿದ್ದು "ಬೋಟ್‌ನೋರನ್ನ ಕೇಳಿ". ಬೋಟ್‌ನೋರು ಹೇಳಿದ್ದು "ನಮಗೆ ಬಾಡಿಗೆ ಮಾತ್ರ ಸರ್, ಬುಕಿಂಗ್ ಲಾಡ್ಜ್‌ದು". ಲಾಡ್ಜ್‌ನೋರು ಹೇಳಿದ್ದು "ನಾವು ನಂಬರ್ ಕೊಟ್ಟದ್ದು ಅಷ್ಟೇ". ಬಿಲ್ ಕೊಡಿ ಅಂದ್ರೆ "ಬಿಲ್ ಬೇಕಂದ್ರೆ 18 ಪರ್ಸೆಂಟ್ ಎಕ್ಸ್‌ಟ್ರಾ". ಕೊನೆಗೆ "ಮೀನು ಬರುದು ಬಿಡುದು ನಮ್ಮ ಕೈಲಿ ಉಂಟಾ?" ಅಂತ ನಮಗೇ ಪ್ರಶ್ನೆ. ನಾವು ಕೇಳಿದ್ದು ಮೀನನ್ನಲ್ಲ ಸ್ವಾಮಿ, ದ್ವೀಪವನ್ನ. ದ್ವೀಪ ಎಲ್ಲಿಗೂ ಈಜಿಕೊಂಡು ಹೋಗಲ್ಲ.

ಹೋಗೋರು ಇಷ್ಟು ನೋಡ್ಕೊಳ್ಳಿ. ಮೆಸೇಜಿನಲ್ಲಿ ಬರೆಸಿಕೊಳ್ಳಿ: ನೇತ್ರಾಣಿ ದ್ವೀಪ, ಒಬ್ಬರಿಗೆ ಒಂದು ಸಿಲಿಂಡರ್, 200 ಬಾರ್, ನೀರೊಳಗೆ ಎಷ್ಟು ನಿಮಿಷ, ಹವಾಮಾನಕ್ಕೆ ರದ್ದಾದರೆ ಪೂರ್ತಿ ವಾಪಸ್. "ಮುಂದಿನ ಸಲ ಬನ್ನಿ, ಅಡ್ಜಸ್ಟ್ ಮಾಡುವ" ಅನ್ನೋದು ವಾಪಸ್ ಅಲ್ಲ. ದುಡ್ಡನ್ನ ಡೈವಿಂಗ್ ಸಂಸ್ಥೆಯ ಖಾತೆಗೇ ಹಾಕಿ, ಅವರ ಕಚೇರಿಗೇ ಹೋಗಿ ತರಬೇತುದಾರರ ಸರ್ಟಿಫಿಕೇಟ್ ನೋಡಿ. ಕೇಳಿದ್ರೆ ಬೇಜಾರಾಗೋರ ಹತ್ತಿರ ಇಳಿಯೋದೇ ಬೇಡ. ಹೊರಟಮೇಲೆ ಮ್ಯಾಪ್ ತೆರೆದಿಡಿ. ಅಲೆಗೆ ವಾಂತಿ ಬರೋರು ಮಾತ್ರೆಯನ್ನ ಹೊರಡೋಕೆ ಒಂದು ಗಂಟೆ ಮುಂಚೆ ನುಂಗಿ, ಬೋಟ್ ಹತ್ತಿದ ಮೇಲೆ ತಗೊಂಡ್ರೆ ಅದೂ ಹೊರಗೇ ಬರುತ್ತೆ. ಡೈವ್ ಆದ ದಿನ ವಿಮಾನ ಇಟ್ಕೋಬೇಡಿ, ಒಂದೇ ಸಲ ಇಳಿದಿದ್ರೂ ಕನಿಷ್ಠ 12 ಗಂಟೆ ಬಿಡಬೇಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲ, ಡೈವಿಂಗ್ ಬಂದ್. ಆಗ "ಸ್ಪೆಷಲ್ ಆಫರ್" ಅಂತ ಮುಂಗಡ ಕೇಳೋರನ್ನ ಅಲ್ಲೇ ಬ್ಲಾಕ್ ಮಾಡಿ. ಅಕ್ಟೋಬರ್‌ನಲ್ಲೂ ನೀರು ಕದಡಿರುತ್ತೆ. ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೇದು, ಆದರೆ ರಜಾ ದಿನಗಳಲ್ಲಿ ಈ ಏಜೆಂಟ್ ಕಾಟವೂ ಆಗಲೇ ಹೆಚ್ಚು.

ಇಳಿದು ಬಂದಮೇಲೆ ಅದೇ ಬೋಟಿನ ಹುಡುಗ ಪ್ಲಾಸ್ಟಿಕ್ ಕವರ್‌ನಿಂದ ಹವಳದ ತುಂಡು ತೆಗೆದು "ನೆನಪಿಗೆ ಇಟ್ಕೊಳ್ಳಿ ಮೇಡಂ, ಮುನ್ನೂರು" ಅಂದ. ಮುಟ್ಟಬೇಡಿ. ಹವಳ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪರಿಶಿಷ್ಟದಲ್ಲಿದೆ, ಹುಲಿ ಇರೋ ಪಟ್ಟಿಯಲ್ಲೇ. ಬ್ಯಾಗಿನಲ್ಲಿ ಸಿಕ್ಕಿದ್ರೆ ಕೇಸ್ ಬೀಳೋದು ಆ ಹುಡುಗನ ಮೇಲಷ್ಟೇ ಅಲ್ಲ, ನಿಮ್ಮ ಮೇಲೂ.

ಲೈಫ್ ಜಾಕೆಟ್ ಕೂಡ ನೋಡಿ ತಗೊಳ್ಳಿ. ನಮಗೆ ಕೊಟ್ಟಿದ್ದರಲ್ಲಿ ಎರಡಕ್ಕೆ ಬಕಲ್ ಇರಲಿಲ್ಲ, ಹಗ್ಗ ಕಟ್ಟಿದ್ರು. 2024ರ ಡಿಸೆಂಬರ್‌ನಲ್ಲಿ ಮುಳಬಾಗಿಲು ಕಡೆಯ ವಸತಿ ಶಾಲೆಯ ನಾಲ್ವರು ಹೆಣ್ಣುಮಕ್ಕಳು ಇದೇ ಕಡಲಲ್ಲಿ ಮುಳುಗಿ ಹೋದರು, ಆಮೇಲೆ ಬೀಚನ್ನೇ ಮುಚ್ಚಿದ್ರು. ಅಂಥ ಊರಲ್ಲಿ ಬಕಲ್ ಇಲ್ಲದ ಜಾಕೆಟ್ ಕೊಡೋಕೆ ಕೈ ಹೇಗೆ ಬರುತ್ತೋ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇವೆ. ಯುಪಿಐ ರಸೀದಿ, "ನೇತ್ರಾಣಿ ಸ್ಕೂಬಾ" ಅಂತ ಬರೆದ ಮೆಸೇಜು, ಮ್ಯಾಪಿನ ಸ್ಕ್ರೀನ್‌ಶಾಟ್, 90 ತೋರಿಸೋ ಮೀಟರ್ ಫೋಟೋ, ಟ್ಯಾಟೂ ವೀಡಿಯೊ, ಎಲ್ಲ ಇದೆ. ಅಲ್ಲಿ ಆಗದಿದ್ರೆ ಜಿಲ್ಲಾ ಗ್ರಾಹಕ ಆಯೋಗ. ಐದು ಲಕ್ಷದೊಳಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕ ಇಲ್ಲ, ಆನ್‌ಲೈನ್‌ನಲ್ಲೇ ಹಾಕಬಹುದು, ಕಾರವಾರಕ್ಕೇ ಹೋಗಬೇಕು ಅಂತಿಲ್ಲ, ನಿಮ್ಮ ಜಿಲ್ಲೆಯಲ್ಲೇ ಹಾಕಬಹುದು.

ದೂರು ದಾಖಲಾದ ಮರುದಿನ ಏಜೆಂಟ್‌ನಿಂದ ಮೆಸೇಜ್ ಬಂತು: "ಸರ್ ಕಂಪ್ಲೇಂಟ್ ತೆಗೀರಿ, ಫೈವ್ ಸ್ಟಾರ್ ರಿವ್ಯೂ ಹಾಕಿ, ಅರ್ಧ ದುಡ್ಡು ಕೊಡುವ." ಅದರ ಸ್ಕ್ರೀನ್‌ಶಾಟನ್ನೂ ದೂರಿಗೆ ಸೇರಿಸಿ ಆಗಿದೆ.