ಹಳೆಯ ಕಾರಿನ ಕರೆಂಟ್ ದೋಷವನ್ನು ಹಿಡಿದುಕೊಟ್ಟ ಅಗ್ಗದ ಮಲ್ಟಿಮೀಟರ್

ಕಲಬುರಗಿಯ ಸೂಪರ್ ಮಾರ್ಕೆಟ್‌ನ ಎಲೆಕ್ಟ್ರಿಕಲ್ ಅಂಗಡಿಯೊಂದರಲ್ಲಿ ನಾನೂರು ರೂಪಾಯಿಯೊಳಗೆ ಕೊಂಡ ವೋಲ್ಟ್, ಕರೆಂಟ್ ಅಳೆಯುವ ಈ ಹಳದಿ ಬಣ್ಣದ ಡಿಜಿಟಲ್ ಮಲ್ಟಿಮೀಟರನ್ನು ಎರಡು ವರ್ಷಕ್ಕೂ ಹೆಚ್ಚು ಕಾಲದಿಂದ ಬಳಸುತ್ತಿದ್ದೇನೆ. ಅದರ ರೇಂಜುಗಳ ಪಟ್ಟಿ ಡಬ್ಬಿಯ ಮೇಲೆಯೇ ಇರುವುದರಿಂದ ಇಲ್ಲಿ ಮತ್ತೆ ಬರೆಯುವುದಿಲ್ಲ. ಹದಿನೈದು ವರ್ಷ ದಾಟಿದ ನನ್ನ ಪೆಟ್ರೋಲ್ ಕಾರಿನಲ್ಲಿ ಅದು ಮಾಡಿಕೊಟ್ಟ ಒಂದು ಕೆಲಸ, ಅದೇ ಕೆಲಸದ ನಡುವೆ ಅದು ಕೈಕೊಟ್ಟ ರೀತಿ, ಇವೆರಡನ್ನೂ ಹಳೆಯ ಕಾರು ಇಟ್ಟುಕೊಂಡವರಿಗೆ ತಿಳಿಸಬೇಕೆಂದು ಬರೆಯುತ್ತಿದ್ದೇನೆ.

ತೊಂದರೆ ಹೀಗಿತ್ತು. ಹುಮನಾಬಾದ್ ರಸ್ತೆಯಲ್ಲಿ ಹೋಗುತ್ತಿರುವಾಗ ಚಕ್ರ ಒಂದು ತಗ್ಗಿಗೆ ಇಳಿದರೆ ಸಾಕು, ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಆರಿ, ಹಾರ್ನ್ ಸುಮ್ಮನಾಗಿ, ಎಂಜಿನ್ ನಿಂತುಬಿಡುತ್ತಿತ್ತು. ಹಿಂದೆ ತೊಗರಿ ತುಂಬಿದ ಲಾರಿ ಬರುತ್ತಿರುವಾಗ ಹೀಗಾದರೆ ಎದೆ ಝಲ್ಲೆನ್ನದೆ ಇರುತ್ತದೆಯೇ? ಬದಿಗೆ ನಿಲ್ಲಿಸಿ ಬಾನೆಟ್ ತೆರೆದು ಮುಚ್ಚುವಷ್ಟರಲ್ಲಿ ಎಲ್ಲವೂ ತಾನಾಗಿ ಮರಳಿ ಬರುತ್ತಿತ್ತು. ಗ್ಯಾರೇಜಿಗೆ ಒಯ್ದಾಗ ಗಾಡಿ ಸರಿಯಾಗಿಯೇ ಇರುತ್ತಿತ್ತು. ತೋರಿಸಿದ ಕಡೆಯಲ್ಲೆಲ್ಲ ಸಿಕ್ಕ ಉತ್ತರ ಒಂದೇ: “ಬ್ಯಾಟ್ರಿ ಹೋಗ್ಯಾದ್ರಿ ಸರ್, ಹೊಸಾದ್ ಹಾಕಿಸಿಬಿಡ್ರಿ.” ನಮ್ಮ ಕಡೆಯ ಬೇಸಿಗೆಯಲ್ಲಿ ಬ್ಯಾಟರಿ ಬೇಗ ಸಾಯುವುದು ನಿಜವಾದ್ದರಿಂದ ಅವರ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಆದರೆ ಒಂದು ಸಂಗತಿ ನನಗೆ ಒಪ್ಪಿಗೆಯಾಗುತ್ತಿರಲಿಲ್ಲ. ಡ್ಯಾಶ್‌ಬೋರ್ಡ್ ಪೂರ್ತಿ ಕತ್ತಲಾಗಿದ್ದ ಹೊತ್ತಿನಲ್ಲಿಯೂ ಒಮ್ಮೊಮ್ಮೆ ಸೆಲ್ಫ್ ಹೊಡೆದರೆ ಎಂಜಿನ್ ಜೋರಾಗಿಯೇ ತಿರುಗುತ್ತಿತ್ತು. ಕಾರಿನಲ್ಲಿ ಎಲ್ಲಕ್ಕಿಂತ ಹೆಚ್ಚು ಕರೆಂಟ್ ಎಳೆಯುವುದು ಸೆಲ್ಫ್ ಮೋಟರ್. ಸಣ್ಣ ಕಾರಿನಲ್ಲಿಯೂ ಅದು ನೂರು ಆಂಪಿಯರ್ ದಾಟುತ್ತದೆ. ಅಷ್ಟನ್ನು ಕೊಡಬಲ್ಲ ಬ್ಯಾಟರಿಗೆ ಡ್ಯಾಶ್‌ಬೋರ್ಡಿನ ಪುಟ್ಟ ಬಲ್ಬುಗಳನ್ನು ಉರಿಸಲಾಗುವುದಿಲ್ಲ ಎಂದರೆ ನಂಬುವುದು ಹೇಗೆ? ನಾಲ್ಕೈದು ಸಾವಿರ ಕೊಟ್ಟು ಬ್ಯಾಟರಿ ಹಾಕಿಸುವ ಮೊದಲು ಅಳತೆ ಮಾಡಿ ನೋಡೋಣವೆಂದು ಈ ಮೀಟರ್ ತಂದೆ.

ರಾತ್ರಿಯೆಲ್ಲ ನಿಂತ ಗಾಡಿಯ ಬ್ಯಾಟರಿಯಲ್ಲಿ 12.6 ವೋಲ್ಟ್, ಎಂಜಿನ್ ಚಾಲೂ ಮಾಡಿದ ಮೇಲೆ 14.1. ತುಂಬಿದ ಬ್ಯಾಟರಿಗೂ ಸರಿಯಾಗಿ ಚಾರ್ಜ್ ಮಾಡುತ್ತಿರುವ ಡೈನಮೋಗೂ ಇರಬೇಕಾದ ಅಂಕಿಗಳೇ ಇವು. ಹಾಗಾದರೆ ಕರೆಂಟ್ ದಾರಿಯಲ್ಲಿ ಎಲ್ಲಿಯೋ ಕಳೆದುಹೋಗುತ್ತಿದೆ ಎಂದಾಯಿತು.

ಇಲ್ಲಿ ಬಹಳ ಮಂದಿ ಮೀಟರನ್ನು ಬೀಪ್ ಗುರುತಿಗೆ ತಿರುಗಿಸಿ, ವೈರಿನ ಎರಡೂ ತುದಿಗೆ ಮುಟ್ಟಿಸಿ, ಸದ್ದು ಬಂದರೆ ವೈರ್ ಸರಿಯಿದೆ ಎಂದು ಬಿಟ್ಟುಬಿಡುತ್ತಾರೆ. ಆ ಪರೀಕ್ಷೆ ಈ ಬಗೆಯ ದೋಷಕ್ಕೆ ಏನೇನೂ ಸಾಲದು. ಹತ್ತಾರು ಎಳೆಗಳ ಕೇಬಲ್‌ನಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರ್ ಬೀಪ್ ಎನ್ನುತ್ತದೆ. ಮಾಡಬೇಕಾದದ್ದು ಲೋಡ್ ಇರುವಾಗ ವೋಲ್ಟೇಜ್ ಎಷ್ಟು ಇಳಿಯುತ್ತದೆ ಎಂಬ ಅಳತೆ. ಎಂಜಿನ್ ಓಡುತ್ತಿರಲು, ಹೆಡ್‌ಲೈಟ್ ಮತ್ತು ಬ್ಲೋವರನ್ನು ಪೂರ್ತಿ ಹಾಕಿ, ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೆ (ಕ್ಲಾಂಪಿಗಲ್ಲ, ಒಳಗಿನ ಸೀಸದ ಕಂಬಕ್ಕೇ), ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೆ ಒತ್ತಿದೆ: 0.05 ವೋಲ್ಟ್. ಅದೇ ಕಡ್ಡಿಯನ್ನು ಕಾರಿನ ಬಾಡಿಗೆ ಒತ್ತಿದಾಗ ಮೀಟರ್ 0.9 ತೋರಿಸಿತು, ಅರ್ಥ್ ಕೇಬಲನ್ನು (ಕರೆಂಟ್ ಬಾಡಿಯಿಂದ ಬ್ಯಾಟರಿಯ ಮೈನಸ್‌ಗೆ ಮರಳುವ ಕೇಬಲ್) ಕೈಯಿಂದ ಅಲ್ಲಾಡಿಸಿದರೆ ಎರಡು ವೋಲ್ಟಿನ ಮೇಲೆ ಏರಿತು. ಅರ್ಥ್ ದಾರಿಯಲ್ಲಿ 0.2 ವೋಲ್ಟಿಗಿಂತ ಹೆಚ್ಚು ಇಳಿಕೆ ಇರಬಾರದು. ಇಪ್ಪತ್ತು ಆಂಪಿಯರ್ ಹರಿಯುವಾಗ 0.9 ವೋಲ್ಟ್ ಇಳಿಯಿತೆಂದರೆ ಆ ಜೋಡಣೆಯ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ತಡೆ, ಅದರ ಅಳತೆ ಓಮ್) ಓಮಿನ ಇಪ್ಪತ್ತರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಓಮಿನ ಹತ್ತರಲ್ಲಿ ಒಂದು ಪಾಲಿಗಿಂತ ಸೂಕ್ಷ್ಮವಾದದ್ದನ್ನು ತೋರಿಸಲಾರದ ಈ ಮೀಟರಿನ ಓಮ್ ರೇಂಜಿಗೆ ಅದು ಕಾಣುವುದೇ ಇಲ್ಲ. ಅದೇ ಮೀಟರಿನ ವೋಲ್ಟ್ ರೇಂಜಿಗೆ ಮಾತ್ರ ಢಾಳಾಗಿ ಕಾಣುತ್ತದೆ. ಈ ಸಾಧನದ ನಿಜವಾದ ಬೆಲೆ ನನಗೆ ಗೊತ್ತಾದದ್ದು ಆ ಹೊತ್ತಿನಲ್ಲಿ.

ಬ್ಯಾಟರಿಯ ಮೈನಸ್‌ನಿಂದ ದಪ್ಪ ಕೇಬಲೊಂದು ಗೇರ್‌ಬಾಕ್ಸಿಗೂ, ಅದರದೇ ತೆಳುವಾದ ಕವಲು ಬಾಡಿಗೂ ಹೋಗುತ್ತದೆ. ಸೆಲ್ಫ್ ಮೋಟರಿನ ಕರೆಂಟ್ ಮರಳುವುದು ದಪ್ಪ ಕೇಬಲಿನಲ್ಲಿ, ಡ್ಯಾಶ್‌ಬೋರ್ಡಿನದು ಕವಲಿನಲ್ಲಿ; ಡ್ಯಾಶ್‌ಬೋರ್ಡ್ ಕತ್ತಲಾದರೂ ಸೆಲ್ಫ್ ತಿರುಗುತ್ತಿದ್ದುದು ಅದಕ್ಕೇ. ಆ ಕವಲಿನ ಲಗ್ (ಬೋಲ್ಟ್ ಹಾಕುವ ತುದಿಯ ಲೋಹದ ತುಂಡು) ಬ್ಯಾಟರಿ ತಟ್ಟೆಯ ಕೆಳಗೆ, ಆಸಿಡ್ ಹಬೆ ಮತ್ತು ಧೂಳು ಎರಡೂ ಬೀಳುವ ಜಾಗದಲ್ಲಿತ್ತು. ಬ್ಯಾಟರಿಯ ಮೈನಸ್ ಬಿಚ್ಚಿಟ್ಟು ಬೋಲ್ಟ್ ತೆಗೆದಾಗ ಲಗ್ಗಿನ ಕೆಳಗೆ ಬಿಳಿಯ ಪುಡಿ ಕಟ್ಟಿತ್ತು. ಇನ್ಸುಲೇಶನ್ ಸೀಳಿದರೆ ತಾಮ್ರದ ಎಳೆಗಳ ಮೇಲೆ ಹಸಿರು ಕಿಲುಬು. ಬೆರಳಿನಿಂದ ಒತ್ತಿದರೆ ಪುಡಿಯಾಗುವಷ್ಟು ಸವೆದಿದ್ದವು. ಹೊರಗಿನಿಂದ ಮಾತ್ರ ವೈರ್ ಗಟ್ಟಿಮುಟ್ಟಾಗಿಯೇ ಕಾಣುತ್ತಿತ್ತು. ಹೊಸ ಕೇಬಲಿಗೆ ಲಗ್ ಒತ್ತಿಸಿ, ಬಾಡಿಯ ಲೋಹ ಹೊಳೆಯುವವರೆಗೆ ಪಾಲಿಶ್ ಪೇಪರ್ ಹಾಕಿ ಉಜ್ಜಿ, ಬಿಗಿದು, ಮೇಲೆ ವ್ಯಾಸಲೀನ್ ಸವರಿದೆ. ಮತ್ತೆ ಅಳೆದಾಗ 0.04. ಅಂದಿನಿಂದ ಇಂದಿನವರೆಗೆ ಗಾಡಿ ದಾರಿಯಲ್ಲಿ ನಿಂತಿಲ್ಲ. ಹಳೆಯ ಬ್ಯಾಟರಿಯೇ ಇನ್ನೂ ನಡೆಯುತ್ತಿದೆ.

ಆಮೇಲೆ ಭಾನುವಾರದ ಅಳತೆ ಒಂದು ರೂಢಿಯಾಗಿದೆ. ಬಿಸಿಲೇರುವ ಮೊದಲು, ಚಹಾ ಕುಡಿದು, ಬಾನೆಟ್ ಎತ್ತಿ, ಹಳೆಯ ಬನಿಯನ್ ತುಂಡಿನಿಂದ ಟರ್ಮಿನಲ್ ಒರೆಸಿ, ಮೀಟರಿನ ಗುಂಡಿಯನ್ನು ಟಕ್ ಟಕ್ ಎಂದು ಇಪ್ಪತ್ತು ವೋಲ್ಟಿಗೆ ತಿರುಗಿಸುತ್ತೇನೆ. ಬಂದ ಅಂಕಿಯನ್ನು ಗೋಡೆಯ ಕ್ಯಾಲೆಂಡರಿನ ಆಯಾ ತಾರೀಖಿನ ಮನೆಯಲ್ಲಿ ಪೆನ್ಸಿಲಿನಿಂದ ಬರೆಯುತ್ತೇನೆ. ನಲವತ್ತು ಡಿಗ್ರಿ ದಾಟುವ ಏಪ್ರಿಲ್, ಮೇ ತಿಂಗಳುಗಳಲ್ಲಿ ಬ್ಯಾಟರಿಯ ನೀರು ಬೇಗ ಆರುವುದರಿಂದ ಡಿಸ್ಟಿಲ್ಡ್ ವಾಟರ್ ಬಾಟಲಿಯೂ ಜೊತೆಗಿರುತ್ತದೆ. ಆ ಅಂಕಿಗಳ ಸಾಲು ನೋಡುವಾಗ ಆಗುವ ನೆಮ್ಮದಿ ದೊಡ್ಡದು.

ಇಷ್ಟೆಲ್ಲ ಮಾಡಿಕೊಟ್ಟ ಮೀಟರಿನ ಮೇಲೆಯೇ ನನಗೆ ತೀವ್ರವಾದ ಅಸಮಾಧಾನವೂ ಇದೆ. ದೋಷವಿದ್ದ ದಿನಗಳಲ್ಲಿ ಉದ್ದನೆಯ ವೈರ್ ಹಾಕಿ ಮೀಟರನ್ನು ಸೀಟಿನ ಪಕ್ಕ ಇಟ್ಟುಕೊಂಡು ಓಡಿಸಿದಾಗ, ಕಣ್ಣೆದುರಿಗೇ ಡ್ಯಾಶ್‌ಬೋರ್ಡ್ ಮಿಣುಕಿದರೂ ಇದರ ಪರದೆಯ ಅಂಕಿ ಕದಲುತ್ತಿರಲಿಲ್ಲ. ಸೆಕೆಂಡಿಗೆ ಎರಡು ಮೂರು ಬಾರಿ ಮಾತ್ರ ಓದುವ ಮೀಟರಿಗೆ ಅದಕ್ಕಿಂತ ಚಿಕ್ಕ ಕಡಿತ ಸಿಗುವುದಿಲ್ಲ, ಕನಿಷ್ಠ ಮತ್ತು ಗರಿಷ್ಠ ಅಂಕಿಯನ್ನು ನೆನಪಿಟ್ಟುಕೊಳ್ಳುವ ಸೌಲಭ್ಯವೂ ಇದರಲ್ಲಿಲ್ಲ. ಬಂದು ಹೋಗುವ ದೋಷ ಹುಡುಕುವವನಿಗೆ ಬೇಕಾದದ್ದೇ ಅದು. ಕೊನೆಗೆ ಬ್ರೇಕ್ ಲೈಟಿನ 21 ವ್ಯಾಟ್ ಬಲ್ಬೊಂದಕ್ಕೆ ಎರಡು ವೈರ್ ಬೆಸುಗೆ ಹಾಕಿಸಿ, ಒಂದನ್ನು ಬ್ಯಾಟರಿಯ ಪ್ಲಸ್‌ಗೆ ಫ್ಯೂಸ್ ಮೂಲಕ, ಇನ್ನೊಂದನ್ನು ಬಾಡಿಗೆ ಕೊಟ್ಟೆ. ಪ್ರತಿ ಕುಲುಕಿಗೂ ಬಲ್ಬ್ ಮಂಕಾದದ್ದನ್ನು ನೋಡಿಯೇ ಬಾಡಿ ಅರ್ಥ್ ಕಡೆಗೆ ಗಮನ ಹೋದದ್ದು. ಅಲ್ಲದೆ ಮೀಟರಿನ ಜೊತೆಗೆ ಬಂದ ಕಡ್ಡಿಗಳ ವೈರ್ ಎಂಜಿನ್ನಿನ ಬಿಸಿಗೆ ಬಿರುಕುಬಿಟ್ಟು ಒಳಗೇ ತುಂಡಾಯಿತು. ದೋಷ ಹುಡುಕುವ ಸಾಧನದಲ್ಲಿಯೇ ಅಂಥ ದೋಷ ಬಂದರೆ ಯಾವ ಅಂಕಿಯನ್ನು ನಂಬಬೇಕು?

ಹತ್ತು ಆಂಪಿಯರ್‌ವರೆಗಿನ ಕರೆಂಟ್ ಅಳೆಯಲು ಕಡ್ಡಿ ಸಿಕ್ಕಿಸುವ ಮೀಟರಿನ ತೂತಿಗೆ ಫ್ಯೂಸ್ ಇಲ್ಲದಿರುವುದು ಅಪಾಯಕಾರಿ. ಕಡ್ಡಿ ಆ ತೂತಿನಲ್ಲಿದ್ದಾಗ ಬ್ಯಾಟರಿಯ ಎರಡು ಕಂಬಗಳಿಗೆ ಮುಟ್ಟಿಸಿದರೆ ನೇರ ಶಾರ್ಟ್ ಆಗುತ್ತದೆ.

ನನ್ನ ಹಾಗೆ ವಾರಕ್ಕೊಮ್ಮೆ ವೋಲ್ಟ್ ನೋಡುವವರಿಗೆ, ನಿಂತಲ್ಲಿಯೇ ಅರ್ಥ್ ಪರೀಕ್ಷಿಸುವವರಿಗೆ ಈ ಮೀಟರ್ ಸಾಕು. ಕೊಂಡ ದಿನವೇ ಸಿಲಿಕೋನ್ ವೈರಿನ ಬೇರೆ ಕಡ್ಡಿಗಳನ್ನು ತಂದುಕೊಳ್ಳಿ. ಓಡುವ ಗಾಡಿಯ ಕ್ಷಣಿಕ ಕಡಿತ ಹಿಡಿಯಬೇಕಾದವರು ಇನ್ನಷ್ಟು ಹಣ ಸೇರಿಸಿ, ಕನಿಷ್ಠ-ಗರಿಷ್ಠ ಗುಂಡಿಯಿರುವ, ಹತ್ತು ಆಂಪಿಯರಿಗೂ ಫ್ಯೂಸ್ ಇರುವ ಮೀಟರನ್ನೇ ಕೊಳ್ಳಬೇಕು. ಅಷ್ಟು ಹಣವಿಲ್ಲದಿದ್ದರೆ ಈ ಮೀಟರಿನ ಜೊತೆಗೆ ಒಂದು ಬ್ರೇಕ್ ಲೈಟ್ ಬಲ್ಬ್ ಇಟ್ಟುಕೊಳ್ಳಿ.